ಪೊರೆ ತೆಗೆಯುವ ಮೊದಲು ಮದ್ದು ಕೇಳಿ

ಉಡುಪಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ಜಿಲ್ಲೆಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ನೋಡಿಕೊಳ್ಳುವವರಿಗೆ ಮತ್ತು ಔಷಧ ನಿಯಂತ್ರಣದ ಹೊಣೆ ಹೊತ್ತವರಿಗೆ,

ಮಾನ್ಯರೇ,

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಮ್ಮ ಜಿಲ್ಲೆಯಲ್ಲಿ ಕಣ್ಣಿನ ಪೊರೆಯ ತಪಾಸಣೆಗೆ ಬಂದವರ ವಿವರ ಬರೆದುಕೊಳ್ಳುವ ಫಾರಮಿಗೆ ಇನ್ನೊಂದು ಕಾಲಂ ಸೇರಿಸಿ: ‘ಈವರೆಗೆ ತೆಗೆದುಕೊಂಡ ಮದ್ದು ಯಾವುದು, ಎಷ್ಟು ಕಾಲದಿಂದ’. ನಾನು ಶಿಬಿರಗಳಲ್ಲಿ ಕಂಡ ಫಾರಮುಗಳಲ್ಲಿ ಹೆಸರು, ಪ್ರಾಯ, ಊರು, ಫೋನ್ ನಂಬರ್, ಬಿಪಿ, ಶುಗರ್, ಎಡಗಣ್ಣೋ ಬಲಗಣ್ಣೋ, ದೃಷ್ಟಿ ಎಷ್ಟು ಎಲ್ಲಕ್ಕೂ ಜಾಗ ಉಂಟು. ಆ ಮನುಷ್ಯ ವರ್ಷಗಟ್ಟಲೆ ನುಂಗಿದ್ದೇನು, ಎಳೆದದ್ದೇನು, ಕಣ್ಣಿಗೆ ಬಿಟ್ಟದ್ದೇನು, ಚುಚ್ಚಿಸಿಕೊಂಡದ್ದೇನು ಎಂಬುದಕ್ಕೆ ಜಾಗ ಇಲ್ಲ. ಜಾಗ ಇಲ್ಲದ್ದನ್ನು ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ. ಹೀಗೆ ಮದ್ದಿನಿಂದ ಬಂದ ಪೊರೆಯೂ ಪ್ರಾಯದ ಪೊರೆಯ ಲೆಕ್ಕಕ್ಕೇ ಸೇರಿಹೋಗುತ್ತದೆ.

ನಾನು ಆಪ್ಟೊಮೆಟ್ರಿಸ್ಟ್. ‘ಕನ್ನಡಕದ ನಂಬರು ನೋಡುವವರು’ ಎಂದರೆ ನಮ್ಮ ಜನರಿಗೆ ಬೇಗ ಗೊತ್ತಾಗುತ್ತದೆ. ಶಾಲೆಯ ಹಾಲ್, ದೇವಸ್ಥಾನದ ಸಭಾಭವನ, ಮೀನುಗಾರರ ಸೊಸೈಟಿ ಹೀಗೆ ಶಿಬಿರ ನಡೆಯುವ ಕಡೆಯಲ್ಲೆಲ್ಲ ಟಾರ್ಚು, ರೆಟಿನೋಸ್ಕೋಪ್ ಹಿಡಿದು ಕೂತಿದ್ದೇನೆ. ಶಸ್ತ್ರಚಿಕಿತ್ಸೆ ಮಾಡುವವಳು ನಾನಲ್ಲ, ಮದ್ದು ಬರೆಯುವವಳೂ ಅಲ್ಲ. ಆದರೆ ಸಾಲಿನಲ್ಲಿ ಬಂದವರ ಕಣ್ಣಿನೊಳಗೆ ಮೊದಲು ಬೆಳಕು ಬಿಡುವುದು ನಮ್ಮ ಕೆಲಸ. ಆ ಬೆಳಕಿನಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡುವುದಕ್ಕೆ ಈ ಪತ್ರ.

ಕಣ್ಣಿನ ಪೊರೆ ನಮ್ಮ ದೇಶದ ದೊಡ್ಡ ಕಾಯಿಲೆ ಎಂಬುದು ನಿಮಗೆ ಹೇಳಬೇಕಾದ ಮಾತಲ್ಲ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವದಲ್ಲಿ ಶೇಕಡಾ 66.2ರಷ್ಟಕ್ಕೆ ಪೊರೆಯೇ ಕಾರಣ. ಅದರಲ್ಲಿ ಬಹುಪಾಲು ಪ್ರಾಯದಿಂದಲೇ ಬಂದದ್ದು. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಬಿಸಿಲು ಇವುಗಳ ಪಾಲೂ ಉಂಟು. ಎಲ್ಲ ಪೊರೆಗೂ ಮದ್ದೇ ಕಾರಣ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿ ಜನರನ್ನು ಹೆದರಿಸುವುದು ದೊಡ್ಡ ತಪ್ಪು. ನಾನು ಹೇಳುತ್ತಿರುವುದು ನಲವತ್ತರ ಆಸುಪಾಸಿನಲ್ಲಿ, ಕೆಲವೊಮ್ಮೆ ಇಪ್ಪತ್ತರೊಳಗೇ, ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಪೊರೆ ಬಂದು ನಮ್ಮೆದುರು ಕೂರುವವರ ವಿಷಯ.

ಅಂಥವರಲ್ಲಿ ಒಬ್ಬರು ಮೀನು ಮಾರುವ ಹೆಂಗಸು. ಬೆಳಿಗ್ಗೆ ಮಲ್ಪೆಯಿಂದ ಮೀನು ತಂದು ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು. ಅವರ ದೂರು ವಿಚಿತ್ರವಾಗಿತ್ತು: ಬಿಸಿಲು ಏರುತ್ತಿದ್ದ ಹಾಗೆ ಕಣ್ಣು ಹೋಗುತ್ತದೆ, ನೂರರ ನೋಟು ಯಾವುದು ಇನ್ನೂರರದ್ದು ಯಾವುದು ಎಂದು ಗುರುತು ಸಿಗುವುದಿಲ್ಲ, ಸಂಜೆಯಾದರೆ ಪುನಃ ಕಾಣುತ್ತದೆ. ಮನೆಯವರಿಗೆ ನಂಬಿಕೆಯೇ ಬಂದಿರಲಿಲ್ಲ. ‘ಸಂಜೆಗೆ ಕಾಣ್ತದೆ, ಮಧ್ಯಾಹ್ನ ಕಾಣುದಿಲ್ಲ ಅಂದ್ರೆ ಅದೆಂಥ ಕಣ್ಣು’ ಎಂದು ಜತೆಗೆ ಬಂದ ಮಗಳೇ ನನ್ನೆದುರು ಕೇಳಿದಳು. ರೆಟಿನೋಸ್ಕೋಪಿನ ಬೆಳಕು ಬಿಟ್ಟಾಗ ಆರೋಗ್ಯವಾದ ಕಣ್ಣಿನ ಪಾಪೆಯೊಳಗೆ ಕೆಂಪು ಹೊಳಪು ತುಂಬಿ ಕಾಣಬೇಕು. ಇವರ ಕಣ್ಣಲ್ಲಿ ಸುತ್ತಲೂ ಕೆಂಪು ಇತ್ತು, ನಟ್ಟನಡುವೆ ಮಾತ್ರ ಕಪ್ಪು ಮಚ್ಚೆ. ಎರಡು ಕಣ್ಣಲ್ಲೂ ಹಾಗೆಯೇ.

ಆ ಮಚ್ಚೆ ಇರುವ ಜಾಗವೇ ಅವರ ದೂರಿಗೆ ಉತ್ತರ. ಬಿಸಿಲಿಗೆ ಪಾಪೆ ಕಿರಿದಾಗುತ್ತದೆ, ಆಗ ಬೆಳಕಿಗೆ ಉಳಿಯುವುದು ನಡುವಿನ ದಾರಿ ಮಾತ್ರ, ಅಲ್ಲೇ ಪೊರೆ ಕೂತಿದೆ. ಸಂಜೆ ಪಾಪೆ ಅಗಲವಾದಾಗ ಮಚ್ಚೆಯ ಬದಿಯಿಂದ ಬೆಳಕು ಒಳಗೆ ಹೋಗುತ್ತದೆ. ಹತ್ತಿರದ್ದನ್ನು ನೋಡುವಾಗಲೂ ಪಾಪೆ ಕಿರಿದಾಗುವ ಕಾರಣ ಇಂಥವರಿಗೆ ದೂರದ ಬಸ್ಸಿನ ಬೋರ್ಡು ಓದಲಿಕ್ಕಾದರೂ ಕೈಯಲ್ಲಿರುವುದು ಕಾಣುವುದಿಲ್ಲ. ಬೀಡಿ ಕಟ್ಟುವವರು ಎಲೆಯ ನರ ಕಾಣುವುದಿಲ್ಲ ಎನ್ನುತ್ತಾರೆ, ಮಲ್ಲಿಗೆ ಕಟ್ಟುವವರು ನಾರು ಸಿಗುವುದಿಲ್ಲ ಎನ್ನುತ್ತಾರೆ. ‘ಚಾಳೀಸು ಬಂದದ್ದು, ಕನ್ನಡಕ ಕೊಡಿ’ ಎಂದು ಬಂದವರಿಗೆ ಯಾವ ಗಾಜು ಇಟ್ಟರೂ ಓದಲಿಕ್ಕೆ ಆಗುವುದಿಲ್ಲ.

ಮದ್ದು ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ‘ಮರ್ದ್ ದಾಲಾ ಇಜ್ಜಿ’ ಎಂದರು, ಏನೂ ಇಲ್ಲ ಎಂದು. ಮಗಳು ಸುಮ್ಮನಿರಲಿಲ್ಲ, ‘ಗಂಟುನೋವಿಗೆ ತಿನ್ನುದು ಎಂತದು ಮತ್ತೆ’ ಎಂದಳು. ಮರುದಿನ ಮನೆಯಿಂದ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ತಂದು ಮೇಜಿನ ಮೇಲೆ ಸುರಿದಳು. ಹೆಚ್ಚಿನವು ಕಾಗದದ ಪೊಟ್ಟಣಗಳು. ಮೇಲೆ ಪೆನ್ನಿನಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಗೀಚಿದ್ದು ಬಿಟ್ಟರೆ ಬೇರೆ ಅಕ್ಷರ ಇಲ್ಲ. ಒಳಗೆ ಸಣ್ಣ ಬಿಳಿ ಮಾತ್ರೆಗಳು. ತೊಟ್ಟೆಯ ಅಡಿಯಲ್ಲಿ ಕತ್ತರಿಸಿಕೊಟ್ಟ ಒಂದು ಸ್ಟ್ರಿಪ್ಪಿನ ತುಂಡು ಸಿಕ್ಕಿತು, ಅದರ ಮೇಲೆ ಮದ್ದಿನ ಹೆಸರಿನ ಬಾಲ ಮಾತ್ರ ಉಳಿದಿತ್ತು: ‘ಸೋಲೋನ್’. ಪ್ರೆಡ್ನಿಸೋಲೋನ್ ಇರಲಿ, ಮಿಥೈಲ್‌ಪ್ರೆಡ್ನಿಸೋಲೋನ್ ಇರಲಿ, ಎರಡೂ ಸ್ಟೀರಾಯ್ಡ್, ಎಂದರೆ ನೋವು, ಉರಿಯೂತವನ್ನು ಬೇಗ ಅಡಗಿಸುವ ಜೋರು ಮದ್ದು. ಚಿಕುನ್‌ಗುನ್ಯ ಬಂದು ಹೋದ ಮೇಲೆ ಕೈಕಾಲಿನ ಗಂಟು ಹಿಡಿದುಕೊಂಡದ್ದಕ್ಕೆ ಯಾರೋ ಕೊಟ್ಟ ಮದ್ದು ಅದು. ತಿಂದ ಎರಡನೇ ದಿನಕ್ಕೆ ನೋವು ಹೋಯಿತು, ಹಸಿವೆ ಬಂತು, ಮುಖ ತುಂಬಿಕೊಂಡಿತು. ‘ಈಗ ಮೈಕೈ ತುಂಬಿದೆ’ ಎಂದು ನೆಂಟರು ಹೊಗಳಿದರು. ಮತ್ತೆ ಆ ಪೊಟ್ಟಣವನ್ನು ಅವರು ಬಿಡಲಿಲ್ಲ. ಆ ದುಂಡು ಮುಖವೂ ಮದ್ದಿನದ್ದೇ ಲಕ್ಷಣ ಎಂದು ಅವರಿಗೆ ಹೇಳಿದವರಿಲ್ಲ.

ಒಳಗೆ ನಡೆಯುವುದೇನು ಎಂಬುದನ್ನು ಸಾರ್ವಜನಿಕರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಣ್ಣಿನ ಮಸೂರಕ್ಕೆ ರಕ್ತನಾಳ ಇಲ್ಲ. ಅದರ ಸುತ್ತ ತೆಳ್ಳಗಿನ ಪಾರದರ್ಶಕ ಚೀಲ ಉಂಟು. ಚೀಲದ ಮುಂಬದಿಯ ಒಳಗೋಡೆಗೆ ಜೀವಕೋಶಗಳ ಒಂದೇ ಒಂದು ಪದರ. ಈ ಕೋಶಗಳು ಮಸೂರದ ಅಂಚಿಗೆ ಸರಿದು, ಅಲ್ಲಿ ಉದ್ದನೆಯ ನಾರಿನಂತಾಗಿ, ಜೀವಮಾನವಿಡೀ ಹೊಸ ಪದರಗಳನ್ನು ಕಟ್ಟುತ್ತಾ ಹೋಗುತ್ತವೆ. ಸ್ಟೀರಾಯ್ಡ್ ಹೆಚ್ಚು ಕಾಲ ಸಿಕ್ಕಿದಾಗ ಈ ಕ್ರಮ ತಪ್ಪುತ್ತದೆ. ನಾರಾಗಬೇಕಾದ ಕೋಶಗಳು ನಾರಾಗದೆ ಚೀಲದ ಹಿಂಬದಿಯ ಗೋಡೆಯವರೆಗೆ ಜಾರಿ, ಅಲ್ಲಿ ಉಬ್ಬಿ ಕೂರುತ್ತವೆ. ಕಣ್ಣಿನ ವೈದ್ಯರು ಅದನ್ನು ಪೋಸ್ಟೀರಿಯರ್ ಸಬ್‌ಕ್ಯಾಪ್ಸುಲರ್ ಕ್ಯಾಟರ್ಯಾಕ್ಟ್ ಎನ್ನುತ್ತಾರೆ. ಬೆಳಕಿನ ಕಿರಣಗಳೆಲ್ಲ ಒತ್ತಾಗಿ ಹಾದುಹೋಗುವ ಜಾಗ ಅದು. ಆದ್ದರಿಂದ ಸಾಸಿವೆಯಷ್ಟು ಪೊರೆಯೂ ದೊಡ್ಡ ತೊಂದರೆ ಕೊಡುತ್ತದೆ. ಪ್ರಾಯದ ಪೊರೆ ನಿಧಾನಕ್ಕೆ, ವರ್ಷಗಳು ಕಳೆದು ಬಲಿಯುತ್ತದೆ. ಇದು ಕೆಲವು ತಿಂಗಳಲ್ಲೇ ದುಡಿಯುವವರ ಕೈ ಕಟ್ಟಿಹಾಕಬಲ್ಲದು.

ಸಕ್ಕರೆ ಕಾಯಿಲೆಯವರಿಗೂ, ಕಣ್ಣಿನೊಳಗೆ ಉರಿಯೂತ ಆದವರಿಗೂ, ತಲೆಯ ಭಾಗಕ್ಕೆ ರೇಡಿಯೇಷನ್ ಪಡೆದವರಿಗೂ ಇದೇ ಜಾಗದಲ್ಲಿ ಪೊರೆ ಬರುವುದುಂಟು. ಬರೀ ಕಣ್ಣು ನೋಡಿ ಇದು ಮದ್ದಿನದ್ದೇ ಎಂದು ಯಾರೂ ಖಚಿತ ಹೇಳಲಾರರು. ಕೇಳಿದರೆ ಮಾತ್ರ ತಿಳಿಯುವ ವಿಷಯ ಇದು, ಅದಕ್ಕೇ ಆ ಕಾಲಂ.

ಇದು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯೂ ಅಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಜತೆಗಾರರು 1948ರಲ್ಲಿ ಮೊದಲ ಬಾರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ, ಗಂಟುವಾತದಿಂದ ಹಾಸಿಗೆ ಹಿಡಿದ ರೋಗಿ ಎದ್ದು ನಡೆದರು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. 1960ರ ಹೊತ್ತಿಗೆ, ಅದೇ ಗಂಟುವಾತಕ್ಕೆ ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಮಸೂರದ ಹಿಂಬದಿಯಲ್ಲಿ ಪೊರೆ ಕಾಣುತ್ತದೆ ಎಂದು ರೋಜರ್ ಬ್ಲ್ಯಾಕ್ ಎಂಬ ವೈದ್ಯರು ಸಂಗಡಿಗರೊಂದಿಗೆ ಬರೆದರು. ಉಸಿರಿನೊಂದಿಗೆ ಎಳೆಯುವ ಸ್ಟೀರಾಯ್ಡಿಗೂ ಪೊರೆಗೂ ನಂಟಿದೆ ಎಂದು ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಪ್ರದೇಶದ ಅಧ್ಯಯನ 1997ರಲ್ಲಿ ತೋರಿಸಿತು. ಪ್ರಮಾಣ ಹೆಚ್ಚಿದಷ್ಟೂ, ಕಾಲ ಉದ್ದವಾದಷ್ಟೂ ಅಪಾಯ ಹೆಚ್ಚು. ಎರಡು ಮೂರು ದಿನ ತೆಗೆದುಕೊಂಡ ಮದ್ದಿಗೆ ಯಾರೂ ಹೆದರಬೇಕಾಗಿಲ್ಲ.

ನಮ್ಮ ಕಡೆ ಸ್ಟೀರಾಯ್ಡ್ ಹೊಟ್ಟೆಗೆ, ಕಣ್ಣಿಗೆ ಹೋಗುವ ದಾರಿಗಳು ಹಲವು. ಒಂದು, ಈಗ ಹೇಳಿದ ಹೆಸರಿಲ್ಲದ ಪೊಟ್ಟಣ. ಇನ್ನೊಂದು, ಗಂಟುನೋವಿಗೆ, ದಮ್ಮಿಗೆ ಎಂದು ಕೈಯಿಂದ ಕೈಗೆ ಬರುವ ಲೇಬಲ್ ಇಲ್ಲದ ಹುಡಿ. ‘ಬೇರಿನದ್ದು, ಏನೂ ತೊಂದರೆ ಇಲ್ಲ’ ಎಂದು ಕೊಡುವ ಹುಡಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸುವುದು ದೇಶದ ಎಷ್ಟೋ ಕಡೆ ಸಿಕ್ಕಿಬಿದ್ದಿರುವ ಮೋಸ. ಒಂದೇ ದಿನಕ್ಕೆ ಹಳೇ ನೋವು ಮಾಯವಾದರೆ ಆ ಹುಡಿಯ ಮೇಲೆ ಅನುಮಾನ ಪಡಲೇಬೇಕು. ಮೂರನೆಯದು ಮುಖಕ್ಕೆ, ತೊಡೆಸಂದಿಗೆ ಹಚ್ಚುವ ಮುಲಾಮು. ತುರಿಕಜ್ಜಿಗೆಂದು ತಂದದ್ದನ್ನು ಮುಖ ಬೆಳ್ಳಗಾಗುತ್ತದೆ ಎಂದು ರೆಪ್ಪೆಯವರೆಗೂ ಹಚ್ಚಿಕೊಳ್ಳುವ ಹುಡುಗಿಯರನ್ನು ನಾನು ನೋಡಿದ್ದೇನೆ. ರೆಪ್ಪೆಯ ಚರ್ಮ ಬಹಳ ತೆಳು, ಅಲ್ಲಿ ತಿಂಗಳುಗಟ್ಟಲೆ ಹಚ್ಚಿದ್ದು ಕಣ್ಣಿನೊಳಗೂ ಇಳಿಯುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕಣ್ಣಿಗೆ ಬಿಡುವ ಡ್ರಾಪ್ಸ್, ಅದರಲ್ಲೂ ಮಕ್ಕಳಿಗೆ. ಮಾರ್ಚಿನ ಸೆಕೆ ಶುರುವಾಯಿತೆಂದರೆ ಐದರಿಂದ ಹದಿನೈದರ ಪ್ರಾಯದ ಮಕ್ಕಳು, ಹೆಚ್ಚಾಗಿ ಗಂಡು ಮಕ್ಕಳು, ಕಣ್ಣು ಉಜ್ಜಿಕೊಳ್ಳುತ್ತಾ ಬರುತ್ತಾರೆ. ಕಣ್ಣಿನ ಬಿಳಿಭಾಗ ಕಂದು ಕಂದಾಗಿರುತ್ತದೆ, ನೂಲಿನಂಥ ಪಿಸುರು ಬರುತ್ತದೆ. ಇದು ಅಲರ್ಜಿ. ಒಮ್ಮೆ ಡಾಕ್ಟರು ಜೋರು ತುರಿಕೆ ಇಳಿಯಲಿ ಎಂದು ಸ್ಟೀರಾಯ್ಡ್ ಇರುವ ಡ್ರಾಪ್ಸನ್ನು ಒಂದೆರಡು ವಾರಕ್ಕೆ ಬರೆದಿರುತ್ತಾರೆ, ಅದು ಸರಿಯಾದ ಚಿಕಿತ್ಸೆಯೇ. ಬಾಟ್ಲಿ ಮುಗಿದ ಮೇಲೆ ತುರಿಕೆ ಮತ್ತೆ ಬರುತ್ತದೆ. ಪುನಃ ಡಾಕ್ಟರ ಹತ್ತಿರ ಹೋದರೆ ಒಂದು ದಿನದ ಸಂಬಳ ಹೋಯಿತು, ಮಗುವಿನ ಶಾಲೆಯೂ ಹೋಯಿತು. ತಂದೆ ಖಾಲಿ ಬಾಟ್ಲಿ ಹಿಡಿದು ಮೆಡಿಕಲ್ಲಿಗೆ ಹೋಗಿ ‘ಇದೇ ಕೊಡಿ’ ಎನ್ನುತ್ತಾರೆ, ಕೊಡುತ್ತಾರೆ. ಹೀಗೆ ಒಂದು ಬೇಸಿಗೆಯದ್ದು ಎರಡು ಮೂರು ಬೇಸಿಗೆಗೆ ಎಳೆಯುತ್ತದೆ. 2023ರ ಮಳೆಗಾಲದಲ್ಲಿ ರಾಜ್ಯವಿಡೀ ಕೆಂಗಣ್ಣು ಹಬ್ಬಿದಾಗಲೂ ಅದೇ ಆಯಿತು. ವೈರಸ್ಸಿನಿಂದ ಬಂದು ತನ್ನಷ್ಟಕ್ಕೆ ವಾಸಿಯಾಗುವ ಕಾಯಿಲೆಗೆ, ಒಬ್ಬರಿಗೆ ಬರೆದ ಡ್ರಾಪ್ಸನ್ನು ಮನೆಮಂದಿಯೆಲ್ಲ ಬಿಟ್ಟುಕೊಂಡರು.

ಮಗುವಿಗೆ ಪೊರೆ ಬಂದರೆ ಅದು ಅಜ್ಜನ ಪೊರೆಯ ಹಾಗಲ್ಲ. ಅಜ್ಜನಿಗೆ ಹೊಸ ಮಸೂರ ಹಾಕಿದರೆ ಓದುವುದಕ್ಕೊಂದು ಕನ್ನಡಕ ಸಾಕು, ಅವರಿಗೆ ಮೊದಲೂ ಬೇಕಿತ್ತು. ಮಗುವಿನ ಮಸೂರ ಹತ್ತಿರಕ್ಕೂ ದೂರಕ್ಕೂ ತಾನೇ ಹೊಂದಿಕೊಳ್ಳುವಂಥದ್ದು, ಅದನ್ನು ತೆಗೆದು ಕೃತಕ ಮಸೂರ ಹಾಕಿದ ಮೇಲೆ ಆ ಶಕ್ತಿ ಹೋಯಿತು. ಮಿದುಳು ನೋಡಲು ಕಲಿಯುತ್ತಿರುವ ಚಿಕ್ಕ ಪ್ರಾಯದಲ್ಲಿ ಪೊರೆ ಮುಚ್ಚಿದರೆ, ಆಮೇಲೆ ಎಷ್ಟು ಚೆಂದ ಶಸ್ತ್ರಚಿಕಿತ್ಸೆ ಮಾಡಿದರೂ ದೃಷ್ಟಿ ಪೂರ್ತಿ ಬಾರದೆ ಉಳಿಯಬಹುದು.

ಪೊರೆಯಾದರೂ ತೆಗೆಯಬಹುದು. ಅದೇ ಡ್ರಾಪ್ಸ್ ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಕೆಲವು ವಾರ ಸ್ಟೀರಾಯ್ಡ್ ಡ್ರಾಪ್ಸ್ ಬಿಟ್ಟರೆ ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಸ್ವಲ್ಪ ಏರುತ್ತದೆ, ನೂರರಲ್ಲಿ ಐದಾರು ಮಂದಿಗೆ ವಿಪರೀತ ಏರುತ್ತದೆ. ನೋವಿಲ್ಲ, ಕೆಂಪಿಲ್ಲ, ಗೊತ್ತೇ ಆಗುವುದಿಲ್ಲ. ಒಳಗೆ ನರ ಒಣಗುತ್ತಾ ಹೋಗುತ್ತದೆ. ಅದು ಗ್ಲಾಕೋಮಾ, ಹೋದ ನರ ಮತ್ತೆ ಬಾರದು. ಪೊರೆ ತೆಗೆದು ‘ಇನ್ನು ಚೆಂದ ಕಾಣ್ತದೆ’ ಎಂದು ಕಾಯುತ್ತಿದ್ದವರಿಗೆ ಪಟ್ಟಿ ಬಿಚ್ಚಿದ ಮೇಲೂ ಮಸುಕಾಗಿಯೇ ಉಳಿಯುವುದಕ್ಕೆ ಕೆಲವೊಮ್ಮೆ ಇದೇ ಕಾರಣ. ಮದ್ದು ಯಾವುದೆಂದು ಮೊದಲೇ ಕೇಳಿದ್ದರೆ ಒತ್ತಡ ಅಳೆಯುತ್ತಿದ್ದರು, ನರ ನೋಡುತ್ತಿದ್ದರು. ಮದ್ದು ಕೇಳದೆ ಪೊರೆ ಮಾತ್ರ ತೆಗೆದು ಕಳಿಸಿದರೆ ಆ ಮನುಷ್ಯ ಮನೆಗೆ ಹೋಗಿ ಅದೇ ಮದ್ದನ್ನು ಮುಂದುವರಿಸುತ್ತಾನೆ. ಇನ್ನೊಂದು ಕಣ್ಣಿಗೂ ಸರದಿ ಬರುತ್ತದೆ.

ಸ್ಟೀರಾಯ್ಡ್ ಒಂದೇ ಅಲ್ಲ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋರ್‌ಪ್ರೊಮಝೀನನ್ನು ಹೆಚ್ಚಿನ ಪ್ರಮಾಣದಲ್ಲಿ ವರ್ಷಾನುಗಟ್ಟಲೆ ತೆಗೆದುಕೊಂಡವರ ಮಸೂರದ ಮುಂಬದಿಯಲ್ಲಿ ಹುಡಿ ಉದುರಿದ ಹಾಗೆ ಕಣಗಳು ಕೂರುತ್ತವೆ, ದೃಷ್ಟಿಗೆ ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. ಕ್ವಿಟಿಯಾಪಿನ್ ಎಂಬ ಮದ್ದು ಪ್ರಯೋಗಾಲಯದ ನಾಯಿಗಳಲ್ಲಿ ಪೊರೆ ತಂದಿತ್ತು, ಹಾಗಾಗಿ ಅದನ್ನು ಬಹುಕಾಲ ತೆಗೆದುಕೊಳ್ಳುವವರು ಕಣ್ಣು ತೋರಿಸಿಕೊಳ್ಳಲಿ ಎಂಬ ಸಲಹೆ ಅದರ ಮಾಹಿತಿಪತ್ರದಲ್ಲೇ ಬಂತು. ಕೊಲೆಸ್ಟರಾಲಿನ ಸ್ಟ್ಯಾಟಿನ್ ಮಾತ್ರೆಗಳ ಬಗ್ಗೆ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಹೃದಯಕ್ಕೆಂದು ಕೊಟ್ಟ ಆ ಮಾತ್ರೆಯನ್ನು ಕಣ್ಣಿನ ಹೆದರಿಕೆಗೆ ಬಿಡುವುದು ಯಾವ ರೀತಿಯಿಂದಲೂ ಸರಿಯಲ್ಲ.

ಕೊಲೆಸ್ಟರಾಲ್ ಎಂದಾಗ ಒಂದು ಹಳೆಯ ಪ್ರಕರಣ ಹೇಳಲೇಬೇಕು. ಸ್ಟ್ಯಾಟಿನ್ ಬರುವುದಕ್ಕೆ ಬಹಳ ಮೊದಲು ಅಮೆರಿಕದಲ್ಲಿ ಟ್ರೈಪ್ಯಾರನಾಲ್ ಎಂಬ ಮದ್ದು ಬಂದಿತ್ತು. ತೆಗೆದುಕೊಂಡವರಲ್ಲಿ ಕೆಲವರಿಗೆ ಕೂದಲು ಉದುರಿತು, ಚರ್ಮ ಒಣಗಿ ಬಿರಿಯಿತು, ಕಣ್ಣಿಗೆ ಪೊರೆ ಬಂತು. ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಕಂಡ ತೊಂದರೆಗಳನ್ನು ಕಂಪನಿ ಮುಚ್ಚಿಟ್ಟಿತ್ತು. ಕೋತಿಗಳ ದಾಖಲೆ ತಿದ್ದಲು ಹೇಳಿದ್ದಕ್ಕೆ ಬೇಸರಪಟ್ಟು ಕೆಲಸ ಬಿಟ್ಟ ಪ್ರಯೋಗಾಲಯದ ನೌಕರಳೊಬ್ಬಳ ಗಂಡ, ದಿನಾ ಒಂದೇ ಕಾರಿನಲ್ಲಿ ಜತೆಗೆ ಕೆಲಸಕ್ಕೆ ಹೋಗುತ್ತಿದ್ದವರ ಹತ್ತಿರ ಈ ವಿಷಯ ಆಡಿದ. ಅವರಲ್ಲಿ ಒಬ್ಬರು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯ ಇನ್‌ಸ್ಪೆಕ್ಟರ್. ಅವರು ಕೇಳಿ ಸುಮ್ಮನಾಗಲಿಲ್ಲ. ಇಲಾಖೆಯವರು ಹೋಗಿ ದಾಖಲೆ ತೆರೆಸಿದರು, 1962ರ ಏಪ್ರಿಲಿನಲ್ಲಿ ಮದ್ದು ಮಾರುಕಟ್ಟೆಯಿಂದ ಹೊರಗೆ ಹೋಯಿತು. ಆ ಇನ್‌ಸ್ಪೆಕ್ಟರಿಗೆ ತನ್ನ ಕೆಲಸದ ಬಗ್ಗೆ ಇದ್ದ ಕಾಳಜಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಲಾಖೆಯ ಕುರ್ಚಿಯಲ್ಲಿ ಕೂತ ನಿಮಗೆ ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಮದ್ದು ಕೇಳುವುದರಿಂದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೂ ಪ್ರಯೋಜನ ಉಂಟು. ಪ್ರೋಸ್ಟೇಟ್ ಊದಿ ಮೂತ್ರ ಕಟ್ಟುವ ಗಂಡಸರಿಗೆ ಟ್ಯಾಮ್ಸುಲೋಸಿನ್ ಕೊಡುತ್ತಾರೆ. ಅದು ಪೊರೆ ತರುವುದಿಲ್ಲ. ಆದರೆ ಅದನ್ನು ತೆಗೆದುಕೊಂಡವರ ಪೊರೆ ತೆಗೆಯುವಾಗ ಪಾಪೆ ಸರಿಯಾಗಿ ಅರಳುವುದಿಲ್ಲ, ಕಣ್ಣಿನ ಬಣ್ಣದ ಪರದೆ ಸಡಿಲವಾಗಿ ಅಲೆಯುತ್ತದೆ, ಕೆಲವೊಮ್ಮೆ ಗಾಯದ ಬಾಯಿಗೇ ಬರುತ್ತದೆ. 2005ರಲ್ಲಿ ಅಮೆರಿಕದ ಇಬ್ಬರು ಕಣ್ಣಿನ ವೈದ್ಯರು ಇದನ್ನು ಮೊದಲು ಗುರುತಿಸಿದರು. ಮಾತ್ರೆ ಬಿಟ್ಟು ಬಹಳ ದಿನ ಕಳೆದರೂ ಈ ತೊಂದರೆ ಬರಬಹುದು, ಹಾಗಾಗಿ ಈಗ ತಿನ್ನುತ್ತಿದ್ದೀರಾ ಎಂದು ಕೇಳಿದರೆ ಸಾಲದು, ಹಿಂದೆ ತಿಂದಿದ್ದೀರಾ ಎಂದೂ ಕೇಳಬೇಕು. ಮೊದಲೇ ಗೊತ್ತಿದ್ದರೆ ವೈದ್ಯರು ತಯಾರಿ ಮಾಡಿಕೊಳ್ಳುತ್ತಾರೆ. ಶಿಬಿರದಿಂದ ಬಸ್ಸಿನಲ್ಲಿ ಒಟ್ಟಿಗೆ ಹೋಗಿ ಸಾಲಾಗಿ ಶಸ್ತ್ರಚಿಕಿತ್ಸೆಗೆ ಮಲಗುವ ಅಜ್ಜಂದಿರಲ್ಲಿ ಇದನ್ನು ಕೇಳದೇ ಇರುವುದು ವೈದ್ಯರಿಗೂ ಅನ್ಯಾಯ, ರೋಗಿಗೂ ಅನ್ಯಾಯ.

ಕೇಳುವ ಕ್ರಮ ಒಂದುಂಟು. ‘ಮದ್ದು ತೆಗೆದುಕೊಳ್ತೀರಾ’ ಎಂದರೆ ನಮ್ಮ ಜನ ಇಲ್ಲ ಎನ್ನುತ್ತಾರೆ, ಸುಳ್ಳು ಹೇಳಬೇಕು ಎಂದಲ್ಲ. ಅವರ ಲೆಕ್ಕದಲ್ಲಿ ಮದ್ದು ಎಂದರೆ ಬಿಪಿ, ಶುಗರಿನ ಮಾತ್ರೆ. ದಮ್ಮಿಗೆ ಎಳೆಯುವ ಪಂಪು ಮದ್ದಲ್ಲ, ಮುಲಾಮು ಮದ್ದಲ್ಲ, ಯಾರೋ ಕೊಟ್ಟ ಹುಡಿ ಮದ್ದಲ್ಲ, ಮಂಡಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್ ಯಾವಾಗಲೋ ಆಗಿ ಹೋದ ಕತೆ. ಆದ್ದರಿಂದ ಒಂದೊಂದನ್ನೂ ಹೆಸರಿಟ್ಟು ಕೇಳಬೇಕು: ಗಂಟುನೋವಿಗೆ, ದಮ್ಮಿಗೆ, ಚರ್ಮಕ್ಕೆ ಮಾತ್ರೆ ಉಂಟಾ? ಎಳೆಯುವ ಪಂಪು ಉಂಟಾ? ಕಣ್ಣಿಗೆ, ಮೂಗಿಗೆ ಬಿಡುವುದುಂಟಾ? ಹಚ್ಚುವುದು ಉಂಟಾ? ಹುಡಿ, ಕಷಾಯ ಉಂಟಾ? ಎಷ್ಟು ಸಮಯದಿಂದ? ಹೀಗೆ ಕೇಳಲಿಕ್ಕೆ ಎರಡು ನಿಮಿಷ ಸಾಕು. ಶಿಬಿರದ ಮುನ್ನಾದಿನ ಆಶಾ ಕಾರ್ಯಕರ್ತೆಯರು ಮನೆಗೆ ಹೇಳಿಕೆ ಕೊಡುವಾಗ ಆಧಾರ್ ಕಾರ್ಡಿನ ಜತೆ ‘ಮನೆಯಲ್ಲಿರುವ ಮದ್ದಿನ ತೊಟ್ಟೆಯನ್ನೂ ತನ್ನಿ’ ಎಂದು ಒಂದು ಮಾತು ಸೇರಿಸಿದರೆ ಅರ್ಧ ಕೆಲಸ ಆದ ಹಾಗೆ. ಶುಗರಿನ ಕಾಲಂ ಈಗಾಗಲೇ ಉಂಟಲ್ಲ, ಅಲ್ಲಿ ಹೆಚ್ಚು ಕಂಡರೂ ಮದ್ದು ಕೇಳಬೇಕು. ರಕ್ತದ ಸಕ್ಕರೆಯನ್ನು ಏರಿಸುವುದೂ ಸ್ಟೀರಾಯ್ಡಿನ ಗುಣ.

ಔಷಧ ನಿಯಂತ್ರಣದವರಲ್ಲಿ ನನ್ನ ಮಾತು ಬೇರೆ. ನೀವು ಹೊಸ ಕಾನೂನು ತರಬೇಕಾಗಿಲ್ಲ. 1945ರ ಔಷಧ ನಿಯಮಗಳ ಶೆಡ್ಯೂಲ್ ಎಚ್‌ನಲ್ಲಿ ಸ್ಟೀರಾಯ್ಡ್‌ಗಳು ಇವೆ, ಕಣ್ಣಿಗೆ ಬಿಡುವ ರೂಪವೂ ಅದರಲ್ಲಿ ಸೇರಿದೆ. ಹಚ್ಚುವ ಸ್ಟೀರಾಯ್ಡ್ ಮುಲಾಮುಗಳಿಗೆ ಇದ್ದ ರಿಯಾಯಿತಿಯನ್ನೂ ಕೇಂದ್ರ ಸರಕಾರ 2018ರಲ್ಲಿ 14 ಸ್ಟೀರಾಯ್ಡ್‌ಗಳ ಮಟ್ಟಿಗೆ ತೆಗೆದುಹಾಕಿತು. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಇವನ್ನು ಚಿಲ್ಲರೆಯಾಗಿ ಮಾರುವಂತಿಲ್ಲ ಎಂದು ಪೆಟ್ಟಿಗೆಯ ಮೇಲೇ ಅಚ್ಚಾಗಿದೆ. ಖಾಲಿ ಬಾಟ್ಲಿಯನ್ನು ಚೀಟಿ ಎಂದು ಒಪ್ಪಿಕೊಳ್ಳುವ ರೂಢಿ ನಿಲ್ಲಬೇಕು. ಮೆಡಿಕಲ್ ನಡೆಸುವವರ ಕಷ್ಟ ನನಗೂ ಗೊತ್ತು. ಪರಿಚಯದವರು ರಾತ್ರಿ ಎಂಟಕ್ಕೆ ಅಳುವ ಮಗುವನ್ನು ಎತ್ತಿಕೊಂಡು ಬಂದರೆ ಇಲ್ಲ ಎನ್ನಲು ಬಾಯಿ ಬಾರದು. ಅವರಿಗೆ ಇಲ್ಲ ಎನ್ನುವ ಧೈರ್ಯ ಬರಬೇಕಾದರೆ ಪಕ್ಕದ ಅಂಗಡಿಯವರೂ ಇಲ್ಲ ಎನ್ನುತ್ತಾರೆ ಎಂಬ ಭರವಸೆ ಬೇಕು. ಅದನ್ನು ಕೊಡಬಲ್ಲವರು ನೀವು ಮಾತ್ರ. ಹಾಗೆಯೇ, ಕ್ಲಿನಿಕ್ಕಿನಲ್ಲಿ ಕೈಯಿಂದ ಕೊಡುವ ಪ್ರತಿಯೊಂದು ಪೊಟ್ಟಣದ ಮೇಲೂ ಒಳಗಿರುವ ಮದ್ದಿನ ಹೆಸರು, ಪ್ರಮಾಣ ಬರೆದಿರಬೇಕು ಎಂಬುದನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳಿ. ತನ್ನ ಹೊಟ್ಟೆಗೆ ಹೋಗುವುದರ ಹೆಸರು ರೋಗಿಗೆ ತಿಳಿದಿರಲೇಬೇಕು.

ಈ ಪತ್ರ ಓದುವ ರೋಗಿಗಳಿಗೆ ಮತ್ತು ಮನೆಯವರಿಗೆ ಕೈಮುಗಿದು ಹೇಳುತ್ತೇನೆ: ಇದನ್ನು ಓದಿ ನಾಳೆಯಿಂದ ಮಾತ್ರೆ ನಿಲ್ಲಿಸಬೇಡಿ. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರು ಮಾತ್ರ ಅದನ್ನು ಹಂತ ಹಂತವಾಗಿ ಇಳಿಸಬೇಕು. ಮೂತ್ರಪಿಂಡದ ಕಾಯಿಲೆಯ ಮಕ್ಕಳು, ಲೂಪಸ್ ಇರುವ ಹೆಣ್ಣುಮಕ್ಕಳು, ಕಿಡ್ನಿ ಕಸಿ ಆದವರು ಬದುಕಿರುವುದೇ ಈ ಮದ್ದಿನ ದಯದಿಂದ. ಅಂಥವರು ಮದ್ದು ಮುಂದುವರಿಸಿ, ವರ್ಷಕ್ಕೊಮ್ಮೆಯಾದರೂ ಕಣ್ಣಿನ ಒತ್ತಡ, ಮಸೂರ ಎರಡನ್ನೂ ತೋರಿಸಿಕೊಂಡರೆ ಸಾಕು, ಮಕ್ಕಳಿಗಾದರೆ ಇನ್ನೂ ಬೇಗ ಬೇಗ. ದಮ್ಮಿನ ಪಂಪನ್ನಂತೂ ಹೆದರಿ ಬಿಡಲೇಬೇಡಿ. ಮಾತ್ರೆಗಿಂತ ಬಹಳ ಕಡಿಮೆ ಮದ್ದು ಅದರಿಂದ ಮೈಗೆ ಸೇರುತ್ತದೆ, ಪಂಪು ಬಿಟ್ಟು ದಮ್ಮು ಜೋರಾದರೆ ಆಸ್ಪತ್ರೆಯಲ್ಲಿ ಮಾತ್ರೆ, ಇಂಜೆಕ್ಷನ್ನೇ ಬೇಕಾಗುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ವೈದ್ಯರಲ್ಲಿ ಕೇಳಿ ಸ್ಪೇಸರ್, ಎಂದರೆ ಪಂಪಿಗೆ ಸಿಕ್ಕಿಸುವ ಕೊಳವೆ, ಇಟ್ಟುಕೊಳ್ಳಿ. ಮಕ್ಕಳ ಕಣ್ಣಿನ ತುರಿಕೆಗೆ ತಣ್ಣೀರಿನ ಬಟ್ಟೆ ಒತ್ತುವುದು, ಓಲೋಪಟಡಿನ್‌ನಂಥ ಸ್ಟೀರಾಯ್ಡ್ ಇಲ್ಲದ ಡ್ರಾಪ್ಸ್, ಜೋರಿದ್ದರೆ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಹೀಗೆ ಬೇರೆ ದಾರಿಗಳಿವೆ. ‘ಇದರಲ್ಲಿ ಸ್ಟೀರಾಯ್ಡ್ ಉಂಟಾ, ಎಷ್ಟು ದಿನ ಬಿಡಬೇಕು, ಯಾವಾಗ ನಿಲ್ಲಿಸಬೇಕು’ ಎಂದು ಡಾಕ್ಟರನ್ನು ಕೇಳಲು ನಾಚಿಕೆ ಬೇಡ.

ಮದ್ದಿನಿಂದ ತೊಂದರೆಯಾಗಿದೆ ಎಂದು ಅನಿಸಿದರೆ ತಿಳಿಸುವುದಕ್ಕೆ ದೇಶದಲ್ಲಿ ಒಂದು ವ್ಯವಸ್ಥೆ ಉಂಟು. ಭಾರತದ ಔಷಧ ಜಾಗೃತಿ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ, 1800-180-3024 ಅದರ ಉಚಿತ ಸಹಾಯವಾಣಿ. ವೈದ್ಯರಷ್ಟೇ ಅಲ್ಲ, ರೋಗಿಯೂ ಅಲ್ಲಿಗೆ ತಿಳಿಸಬಹುದು. ಶಿಬಿರದ ಫಾರಮಿನಲ್ಲಿ ಕಾಲಂ ಬಂದರೆ ಸ್ಟೀರಾಯ್ಡಿನಿಂದ ಬಂದಿರಬಹುದಾದ ಪ್ರತಿಯೊಂದು ಪೊರೆಯ ವಿವರವನ್ನೂ ಅಲ್ಲಿಗೆ ಕಳಿಸಬಹುದು. ಯಾವ ತಾಲೂಕಿನಲ್ಲಿ ಹೆಸರಿಲ್ಲದ ಪೊಟ್ಟಣ ಹೆಚ್ಚು, ಎಲ್ಲಿ ಹುಡಿ ಹೆಚ್ಚು, ಎಲ್ಲಿ ಮಕ್ಕಳ ಡ್ರಾಪ್ಸ್ ಹೆಚ್ಚು ಎಂಬುದು ಒಂದೆರಡು ವರ್ಷದಲ್ಲಿ ನಿಮ್ಮ ಮೇಜಿನ ಮೇಲೆಯೇ ಇರುತ್ತದೆ. ಬೈಂದೂರಿನಿಂದ ಕಾರ್ಕಳದವರೆಗೆ ಏಳು ತಾಲೂಕುಗಳ ಜಿಲ್ಲೆ ನಮ್ಮದು, ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಗಾತ್ರ. ಇಷ್ಟೊಂದು ಆಸ್ಪತ್ರೆ, ಮಣಿಪಾಲದಂಥ ವೈದ್ಯಕೀಯ ಕೇಂದ್ರ ಇರುವ ಜಿಲ್ಲೆಯಲ್ಲಿ ಆಗದ್ದು ಬೇರೆ ಎಲ್ಲಿ ಆದೀತು?

ಮಳೆ ನಿಂತ ಮೇಲೆ ಶಿಬಿರಗಳು ಪುನಃ ಶುರುವಾಗುತ್ತವೆ. ಫಾರಮುಗಳು ಅದಕ್ಕೆ ಮೊದಲೇ ಪ್ರೆಸ್ಸಿಗೆ ಹೋಗುತ್ತವೆ. ಅಷ್ಟರೊಳಗೆ ಆ ಒಂದು ಕಾಲಂ ಸೇರಿಸಲು ಆದೇಶ ಕೊಡಿ. ಅದನ್ನು ಹೇಗೆ ತುಂಬಿಸಬೇಕೆಂದು ಆಶಾ ಕಾರ್ಯಕರ್ತೆಯರಿಗೆ, ಶಿಬಿರದ ಸ್ವಯಂಸೇವಕರಿಗೆ ಹೇಳಿಕೊಡಲು ಕರೆದರೆ ನಾನೂ ಬರುತ್ತೇನೆ, ನನ್ನ ಹಾಗೆ ಈ ಕೆಲಸ ಮಾಡುವ ಇನ್ನೂ ಕೆಲವರು ಬರಲು ತಯಾರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಆಪ್ಟೊಮೆಟ್ರಿಸ್ಟ್
ಉಡುಪಿ